ಬಲಗಾಲು ಮುಂದೆ

೮ ಏಪ್ರಿಲ್ ೧೯೩೪, ಭಾನುವಾರ

ಬೆಳಿಗ್ಗೆ ತುಮ್ಮನಟ್ಟಿಯಿಂದ ಊಟಿಗೆ ಓಟ. ಏರಿನಲ್ಲಿ ಜೋಗಿ ಮುಂದೆ ಹೋದ. ತಿರುವಿನಲ್ಲಿ ನಿಂತು ನನಗಾಗಿ ಕಾದ. ಕಾಯಬೇಡ ಎಂದು ಕೈ ಬೀಸಿದೆ. ಆದರೂ ಕಾದ. ಓಡಿ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮಂಡಿಯಲ್ಲಿ ಆಲೂಗಡ್ಡೆ ತೂಗುವ ತಕ್ಕಡಿ ಹತ್ತಿದೆ. ಮಿಡ್ಲ್‌ವೆಯ್ಟ್ ತೂಕಕ್ಕೆ ಇನ್ನೂ ಎರಡು ಪೌಂಡು ಇಳಿಯಬೇಕು. ಜೋಗಿ ಹತ್ತಿದ. ಸರಿಯಾಗಿದ್ದಾನೆ — ರಾಗಿಹಿಟ್ಟು, ಅವರೆ ಉದಕದ ಸಾರು, ಎಲ್ಲ ಹೊಟ್ಟೆ ತುಂಬ ತಿಂದು! ನಾನು ವಾರದಿಂದ ಬರೀ ಕಾಪಿಯಲ್ಲಿದ್ದೇನೆ. ಹೋದ ವರ್ಷ ಇವನು ನನಗಿಂತ ಕೆಳಗಿನ ವೆಯ್ಟ್. ಈಗ ನನ್ನದಕ್ಕೇ ಬಂದು ನಿಂತಿದ್ದಾನೆ.

ನನ್ನ ಹೆಂಡತಿ ಕೆಂಪಿಯ ತಮ್ಮ. ಇವನ ಕೈಗೆ ಮೊದಲು ಬಾಕ್ಸಿಂಗ್ ಗ್ಲೌವ್ ಕಟ್ಟಿದವನು ನಾನೇ. ಯಾರನ್ನು ಬಯ್ಯಲಿ?

ಸೀಸನ್‌ಗೆ ಮದರಾಸಿನಿಂದ ಫೆರಿಸ್ ಬರುತ್ತಾನಂತೆ. ಮೇ ೧೯ಕ್ಕೆ ಮಾರ್ಕೆಟ್ ಹಿಂದಿನ ಡೇರೆಯಲ್ಲಿ ಫೈಟ್. ಫೆರಿಸ್! ಹೆಸರು ಕೇಳಿದ್ದೇ ದವಡೆ ನೋಯಿತು.

೧೨ ಏಪ್ರಿಲ್, ಗುರುವಾರ

ನಾವು ಪ್ರಾಕ್ಟೀಸ್ ಮಾಡುವ ಮಂಡಿಯ ಗೋಡೌನಿನಲ್ಲಿ ಗೋಪಾಲನ್ ಹಳೇ ಗ್ಲೌವ್ ಹೊಲಿಯುತ್ತ ಕೂತಿದ್ದ. ಗೂಡಲೂರಿನವನು. ವೆಲ್ಲಿಂಗ್ಟನ್ ಬ್ಯಾರಕ್ಕಿನಲ್ಲಿ ಸೋಲ್ಜರುಗಳ ಜೊತೆ ಇದ್ದು ಬಾಕ್ಸಿಂಗ್ ಕಲಿತು, ಈಗ ನಮಗೆ ಗುರು. ಸೂಜಿಯಿಂದ ಕಣ್ಣೆತ್ತದೆ ಹೇಳಿದ.

"ಹಾಲಾ, ಈ ಸಾರಿ ರಿಂಗಿಗೆ ಜೋಗಿ ಏರಲಿ. ನಿನ್ನ ಹುಬ್ಬು ಮುಟ್ಟಿದರೆ ಒಡೀತದೆ. ಡೇರೆ ಮ್ಯಾನೇಜರಿಗೂ ಹೊಸ ಮುಖ ವೇಣುಂ ಅಂತೆ. ಶರಿಯಾ?"

ಶರಿ ಎಂದೆ. ಬಾಯಿಂದ ಹೇಗೆ ಬಂತೋ.

ಫೆರಿಸ್ ನನ್ನವನು. ಮದರಾಸಿನ ಪೆರಂಬೂರಿನಲ್ಲಿ ನಾಲ್ಕು ವರ್ಷದ ಹಿಂದೆ ನನ್ನನ್ನು ಮಲಗಿಸಿದವನು. ಅವನನ್ನು ನಾನು ಮಲಗಿಸಬೇಕು. ಅದಕ್ಕೇ ಮಳೆ ಚಳಿ ಎನ್ನದೆ ಓಡಿದ್ದು, ಅದಕ್ಕೇ ಹಸಿದಿದ್ದು.

ಕೆಂಪಿ ತಟ್ಟೆ ತುಂಬ ಬಡಿಸಿದಳು. "ಇನ್ನ ತೂಕದ ಗೋಜು ಇಲ್ಲೆ. ಚೆಂದಾಗಿ ತಿನ್ನು." ಪಕ್ಕದಲ್ಲಿ ಜೋಗಿ ತನ್ನದು ಮುಗಿಸಿ ನನ್ನ ತಟ್ಟೆ ನೋಡಿದ. ತಳ್ಳಿದೆ. ಅದನ್ನೂ ತಿಂದ.

೧೬ ಏಪ್ರಿಲ್, ಸೋಮವಾರ

ಇನ್ನೂ ಒಂದು ಉಳಿದಿತ್ತು. ನಾನು ಫೆರಿಸ್ ಆಗಬೇಕಂತೆ!

ಫೆರಿಸ್ ಎಡಗೈಯವನು. ನಾವೆಲ್ಲ ಎಡಗಾಲು ಮುಂದಿಟ್ಟರೆ ಅವನು ಬಲಗಾಲು. ಎಲ್ಲ ತಿರುವುಮುರುವು. ಅವನೆದುರು ನಿಂತವನು ಈ ಬೆಟ್ಟದ ಮೇಲೆ ನಾನೊಬ್ಬನೇ. ಗೋಪಾಲನ್ ಆಗ ಜ್ವರದಲ್ಲಿ ಇಲ್ಲೇ ಮಲಗಿದ್ದ, ಮದರಾಸಿಗೆ ಬಂದಿರಲಿಲ್ಲ. ಈಗ ಹೇಳುತ್ತಾನೆ — "ನೀನು ಅವನ ಹಾಗೆ ನಿಲ್ಲು, ಅವನ ಹಾಗೆ ಹೊಡಿ. ಚೆಕ್ಕನ್ ಕಲೀಲಿ." ಚೆಕ್ಕನ್ ಎಂದರೆ ಹುಡುಗ, ಜೋಗಿ.

ನನ್ನ ಫೈಟು ಕಿತ್ತುಕೊಂಡವನಿಗೆ ನಾನೇ ಪಾಠ.

ಬಲಗಾಲು ಮುಂದಿಟ್ಟು ನಿಂತೆ. ಬಿದ್ದೇ ಬಿಡುತ್ತಿದ್ದೆ. ಜೋಗಿ ನಕ್ಕ.

೨೧ ಏಪ್ರಿಲ್, ಶನಿವಾರ

ಇವತ್ತು ನಗಲಿಲ್ಲ ಅವನು.

ಕಾಲು ಒಗ್ಗಿದೆ. ಬೆಳಿಗ್ಗೆ ನೀರು ತರುವಾಗಲೂ ಬಲಗಾಲೇ ಮುಂದೆ. ಫೆರಿಸ್ ಮೂಗಿನಿಂದ ಉಸಿರು ಬಿಡುವ ಸದ್ದು ಕೂಡ ಬಂತು. ಬಲಗೈಯಲ್ಲಿ ಕುಟುಕಿ ಕುಟುಕಿ ಜೋಗಿಯ ಮುಖ ಕೆಂಪಾಗಿಸಿದೆ. ಸುಖವಾಯಿತು. ಸುಳ್ಳೇಕೆ ಹೇಳಲಿ?

ಫೆರಿಸನ ಒಂದು ಏಟು ಮಾತ್ರ ತೋರಿಸಿಲ್ಲ. ಬಲಗೈ ಎರಡು ಸಲ. ಬಲಗಾಲು ಹೊರಕ್ಕೆ. ಹೊಟ್ಟೆಗೆ ಹೊಡೆಯುವವನಂತೆ ಭುಜ ಇಳಿಸುತ್ತಾನೆ… ನಾವು ಕೈ ಕೆಳಗೆ ತರುತ್ತೇವೆ. ಎಡಗೈ ಕೆಳಗಿನಿಂದ ದವಡೆಗೆ. ಅಷ್ಟೇ. ಆಮೇಲೆ ಡೇರೆಯ ದೀಪಗಳು ಮಾತ್ರ ನೆನಪು.

ಸೋತು ಊರಿಗೆ ಬಂದಾಗ ಯಾವ ಏಟು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ನನ್ನದು.

೨೯ ಏಪ್ರಿಲ್, ಭಾನುವಾರ

ಜೋಗಿಗೆ ಕೆನೆ ಮೊಸರು. ನನಗೆ ಮಜ್ಜಿಗೆ. ಕೆಂಪಿಯನ್ನು ಕೇಳಿದರೆ, "ಅವ ಫೈಟು ಮಾಡೋವ ಅಲ್ಲವ?" ನಾನು ಏನು, ಮೇಕೆ ಮೇಯಿಸುತ್ತೇನಾ?

ಸಂಜೆ ಹೊಲದ ಬದುವಿನ ಮೇಲೆ ಜೋಗಿ ಪಕ್ಕಕ್ಕೆ ಬಂದು ಕೂತ. ನೇರವಾಗಿ ಕೇಳಿಯೇಬಿಟ್ಟ.

"ಭಾವ, ಅವ ನಿನ್ನ ಯಾವ ಏಟಲ್ಲಿ ಕೆಡವಿದ?"

"ನೆನಪಿಲ್ಲೆ."

"ಒಂದೂ?"

"ತಲೆಗೆ ಬಿದ್ದವನಿಗೆ ಎಂತ ನೆನಪು?"

ನಂಬಿದ. ಮುಖ ನೋಡಿದರೆ ಗೊತ್ತಾಗುತ್ತದೆ, ನಾನು ಏನು ಹೇಳಿದರೂ ನಂಬುತ್ತಾನೆ. ಅದೇ ಇನ್ನೂ ಸಿಟ್ಟು ಬರಿಸಿತು. ತಿನ್ನಲಿ, ಅವನೂ ಒಮ್ಮೆ ಆ ಏಟು ತಿನ್ನಲಿ. ಆಗ ಊರಿನವರಿಗೆ ಗೊತ್ತಾಗುತ್ತದೆ, ಹಾಲನ್ ಬಿದ್ದದ್ದು ಕೈಲಾಗದೆ ಅಲ್ಲ ಎಂದು.

೭ ಮೇ, ಸೋಮವಾರ

ಮನೆಗೆ ಬಂದೆ. ಕೆಂಪಿ ಬಾಗಿಲಲ್ಲಿ ಕೂತು ಬ್ಲೇಡಿನಿಂದ ಏನೋ ಬಿಚ್ಚುತ್ತಿದ್ದಾಳೆ. ನನ್ನ ನೀಲಿ ಗೌನು! ರಿಂಗಿಗೆ ಹೊದ್ದು ಹೋಗಲು ಮದರಾಸಿನಲ್ಲಿ ಹೊಲಿಸಿದ್ದು. ಬೆನ್ನ ಮೇಲೆ ಬಿಳೀ ದಾರದಲ್ಲಿ ನನ್ನ ಹೆಸರು. ಅರ್ಧ ಹೋಗಿದೆ. ಮಡಿಲಲ್ಲಿ ದಾರದ ಚೂರು.

"ಪೆಟ್ಟಿಗೆಲಿ ಸುಮ್ಮನೆ ಬಿದ್ದಿತ್ತು. ಜೋಗಿಗ ಆಗಲಿ ಅಂತ."

"ಎನ್ನ ಕೇಳಿದೆಯಾ?"

"ನೀ ಹಾಕೋದಿಲ್ಲೆ ಅಲ್ಲವ?"

ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಹೊರಗೆ ಹೋಗಿ ಕೂತೆ. ಹೊಟ್ಟೆಕಿಚ್ಚು ಎಂದು ಬಾಯಲ್ಲಿ ಅನ್ನುತ್ತೇವೆ. ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ ಅದು, ಉಂಡದ್ದು ಮೇಲೆ ಬರುವಷ್ಟು.

೮ ಮೇ, ಮಂಗಳವಾರ

ಇದನ್ನು ಬರೆಯಲೇಬೇಕು.

ಗೋಡೌನಿನಲ್ಲಿ ಮೂರನೇ ರೌಂಡು. ಜೋಗಿ ನನ್ನ ಹುಬ್ಬಿಗೆ ಒಂದು ಮುಟ್ಟಿಸಿದ. ಮೆತ್ತಗೆ, ಒಡೆಯಬಾರದು ಎಂದು. ಕನಿಕರ! ಆಮೇಲೆ ನಾನು ಯೋಚಿಸಲಿಲ್ಲ. ಬಲಗೈ, ಬಲಗೈ. ಕಾಲು ಹೊರಕ್ಕೆ. ಭುಜ ಇಳಿಯಿತು. ಎಡಗೈ ಹೋಯಿತು.

ಜೋಗಿ ಮೂಟೆಗಳ ಪಕ್ಕ ಅಂಗಾತ ಬಿದ್ದ. ಒಂದು ಉಸಿರಿನಷ್ಟು ಹೊತ್ತು ನನಗೆ ಆದ ಖುಷಿ… ಬರೆಯಲು ನಾಚಿಕೆ. ಆಮೇಲೆ ಹೆದರಿಕೆ. ಕೆಂಪಿಗೆ ಏನು ಹೇಳಲಿ?

ಕಣ್ಣು ಬಿಟ್ಟ. ಎದ್ದು ಕೂತ. ಹಲ್ಲಿನ ಸಂದಿಯಲ್ಲಿ ರಕ್ತ. ನಕ್ಕ.

"ಇದೆಂತ ಭಾವ ಇದು! ಇನ್ನೊಮ್ಮೆ ಹೊಡಿ."

ಗೋಪಾಲನ್ ಎದ್ದು ನಿಂತಿದ್ದ. "ಇದಾ? ಇದಾ ಫೆರಿಸನ ಏಟು? ಇಷ್ಟು ದಿನ ಎಲ್ಲಿತ್ತು ಡಾ?"

"ಈಗ ನೆನಪಾಯಿತು" ಎಂದೆ.

ಸಂಜೆಯ ತನಕ ಅದೊಂದೇ. ನಿಧಾನವಾಗಿ, ಆಮೇಲೆ ಜೋರಾಗಿ. ಮೊದಲು ತಿಂದ. ಆಮೇಲೆ ತಪ್ಪಿಸಿದ. ಕತ್ತಲಾಗುವ ಮೊದಲು, ಭುಜ ಇಳಿದಾಗ ಕೈ ಇಳಿಸದೆ ಅರ್ಧ ಹೆಜ್ಜೆ ಹಿಂದೆ ಸರಿದು, ಮೇಲಿನಿಂದ ಬಲಗೈ ನನ್ನ ಕೆನ್ನೆಯ ಹತ್ತಿರ ತಂದು ನಿಲ್ಲಿಸಿದ. ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಏಳುತ್ತಿರಲಿಲ್ಲ.

ಅದಕ್ಕೆ ಉತ್ತರವಿದೆ ಎಂದು ನನಗೆ ನಾಲ್ಕು ವರ್ಷ ಹೊಳೆಯಲೇ ಇಲ್ಲ. ಅವನಿಗೆ ಒಂದು ಮಧ್ಯಾಹ್ನ ಸಾಕಾಯಿತು.

೨೦ ಮೇ, ಭಾನುವಾರ

ಗೆದ್ದ.

ನಿನ್ನೆ ನಾನು ಕಾರ್ನರಿನಲ್ಲಿ, ನೀರಿನ ಬಕೆಟ್ಟು ಹಿಡಿದು. ಫೆರಿಸನ ತಲೆ ನೆರೆತಿದೆ. ಕಾಲು ಮಾತ್ರ ಅದೇ ಕಾಲು. ಐದನೇ ರೌಂಡಿನಲ್ಲಿ ಬಲಗೈ, ಬಲಗೈ. ನನ್ನ ದವಡೆ ತಾನಾಗಿ ಬಿಗಿಯಿತು. ಕಾಲು ಹೊರಕ್ಕೆ. ಭುಜ ಇಳಿಯಿತು. ಜೋಗಿ ಅರ್ಧ ಹೆಜ್ಜೆ ಹಿಂದೆ. ಬಲಗೈ.

ಫೆರಿಸ್ ಮಲಗಿದ. ನಾನು ಇಷ್ಟು ವರ್ಷ ಕಣ್ಣುಮುಚ್ಚಿದಾಗೆಲ್ಲ ನೋಡಿದ್ದು, ಹಾಗೇ. ಹೊಡೆದ ಕೈ ಮಾತ್ರ ನನ್ನದಲ್ಲ.

ಡೇರೆಯೆಲ್ಲ ಕೂಗು, ಹೆಂಗಸರ ಸಾಲಿನಿಂದ ಕೆಂಪಿಯದೂ. ಜೋಗಿ ನನ್ನನ್ನು ಹಗ್ಗದೊಳಕ್ಕೆ ಎಳೆದು ಕೈ ಮೇಲೆತ್ತಿದ. "ಇದ ಕಲಿಸಿದ್ದು ಎನ್ನ ಭಾವ!" ಜನ ಚಪ್ಪಾಳೆ ತಟ್ಟಿದರು. ಕಲಿಸಲಿಲ್ಲ ಕಣೋ, ಹೊಡೆದೆ. ನೋಯಲಿ ಎಂದೇ ಹೊಡೆದೆ. ಅದು ನನ್ನೊಬ್ಬನಿಗೇ ಗೊತ್ತು.

ಆಮೇಲೆ ಪರದೆಯ ಹಿಂದೆ ಫೆರಿಸ್ ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಎದುರು ಹೋಗಿ ನಿಂತೆ. ನೋಡಿದ. ನೋಡಿ ಸರಿದು ಕೂತು ನನಗೂ ಕೂರಲು ಜಾಗ ಬಿಟ್ಟ.

"ಉಕಾರು ಬ್ರದರ್. ನೀಂಗಳೂ ಫೈಟರಾ?"

ಗುರುತೇ ಸಿಗಲಿಲ್ಲ ಅವನಿಗೆ.

೨೭ ಮೇ, ಭಾನುವಾರ

ಜೋಗಿಯನ್ನು ರೈಲು ಹತ್ತಿಸಿ ಬಂದೆ. ಮದರಾಸಿನಲ್ಲಿ ಫೈಟು, ಆಮೇಲೆ ರಂಗೂನ್ ಎನ್ನುತ್ತಾರೆ. ಕೆಂಪಿ ಮುಂದಿನ ಸ್ಟೇಷನ್ ಲವ್‌ಡೇಲ್ ತನಕ ಜೊತೆಗೆ ಕೂತು ಹೋಗಿ, ಅಳುತ್ತ ನಡೆದು ಬಂದಳು. ನೀಲಿ ಗೌನು ಬಿಟ್ಟು ಹೋಗಿದ್ದಾನೆ. "ಭಾವಂದು ಭಾವನಿಗ" ಎಂದನಂತೆ.

ಗೋಪಾಲನ್ ಹೇಳಿದ — ಜೂನ್ ೧೬, ಕೂನೂರು. ಬೆಂಗಳೂರಿನ ಒಬ್ಬ ಮಿಡ್ಲ್‌ವೆಯ್ಟ್. ಜೋಗಿ ಇಲ್ಲವಲ್ಲ, ನೀನು ಏರು.

ಇಲ್ಲವಲ್ಲ! ಆ ಮಾತು ಚುಚ್ಚಿತು. ಆದರೂ ಮನೆಯ ತನಕ ಓಡಿಕೊಂಡೇ ಬಂದೆ. ನನ್ನ ಫೈಟು. ನನ್ನದು.

೩ ಜೂನ್, ಭಾನುವಾರ

ಮಳೆ. ಗೋಡೌನಿನಲ್ಲಿ ಗುದ್ದುವ ಬ್ಯಾಗಿನ ಮುಂದೆ ನಿಂತೆ. ಗೋಪಾಲನ್ ನಕ್ಕ. "ಫೆರಿಸ್ ಊರಿಗೆ ಹೋದ. ನೀನು ವಾ, ಹಾಲಾ."

ಕೆಳಗೆ ನೋಡಿದರೆ ಬಲಗಾಲು ಮುಂದೆ. ಬದಲಿಸಿದೆ. ಏಟಿನಲ್ಲಿ ಬಲವೇ ಇಲ್ಲ, ಬ್ಯಾಗು ಅಲ್ಲಾಡಲಿಲ್ಲ. ನಾಲ್ಕು ಏಟಿಗೆ ಕಾಲು ಮತ್ತೆ ತಿರುಗಿತು.

ಹಾಗೇ ಆಡುತ್ತೇನೆ ಎಂದೆ. ಗೋಪಾಲನ್ ತಲೆಯಾಡಿಸಿದ. "ಅದು ಅವನ ಆಟ. ನಿನಗೆ ಗೊತ್ತಿರೋದು ಅವನು ಜೋಗಿಗೆ ಏನು ಮಾಡ್ತಾನೆ ಅಂತ ಮಾತ್ರ."

ಜೋಗಿ ಮದರಾಸಿನಲ್ಲಿ ಗೆದ್ದನಂತೆ. ಯಾರೆದುರು ನಿಂತರೂ ಅವನು ಜೋಗಿಯಾಗಿಯೇ ನಿಲ್ಲುತ್ತಾನೆ. ಅವನ ಗೆಲುವಿಗಿಂತ ಅದಕ್ಕೇ ಈಗ ಹೊಟ್ಟೆ ಉರಿಯುವುದು.

೧೫ ಜೂನ್, ಶುಕ್ರವಾರ. ಬೆಳಿಗ್ಗೆ

ನಾಳೆ ಕೂನೂರು. ತೂಕ ಸರಿಯಿದೆ.

ಕೆಂಪಿ ಗೌನಿನ ಮೇಲೆ ನನ್ನ ಹೆಸರು ಮತ್ತೆ ಹೊಲಿದಿದ್ದಾಳೆ. ಹಳೇ ಸೂಜಿಯ ತೂತುಗಳಲ್ಲೇ. ಕೇಳದೆಯೇ ಮಾಡಿದಳು. ಹೊದ್ದುಕೊಂಡು ಅಂಗಳದಲ್ಲಿ ನಿಂತೆ, ಕೈ ಕಟ್ಟಿ, ಗಲ್ಲ ಇಳಿಸಿ. ಬಾಗಿಲಿಂದ ನೋಡುತ್ತಿದ್ದಳು.

"ಚೆಂದ ನಿಂತೆ. ಅಚ್ಚು ಆ ಮದರಾಸಿನವನ ಹಂಗ."

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಫೆರಿಸ್ ಆಗುವ ಮೊದಲು ಹೇಗೆ ನಿಲ್ಲುತ್ತಿದ್ದೆ? ಬರೆದರೆ ಕಾಲಿಗೆ ನೆನಪಾದೀತು. ಎಡಗಾಲು ಮುಂದೆ. ಬಲಗಾಲಿನ ಹಿಮ್ಮಡಿ ಸ್ವಲ್ಪ ಮೇಲೆ. ಎಡಗೈ ಕಣ್ಣಿನ ಮಟ್ಟಕ್ಕೆ. ಬಲಗೈ… ಗಲ್ಲದ ಹತ್ತಿರ. ಅಲ್ಲ, ಅದು ಜೋಗಿ. ನನ್ನದು ಇನ್ನೂ ಕೆಳಗಿತ್ತು. ಎದೆಯ… ಎದೆಯ ಹತ್ತಿರ ಇರಬೇಕು. ಭುಜ… ನೆನಪಿಲ್ಲ.