ನಿಮ್ಮ ಪೋಸ್ಟರಿನಲ್ಲಿರುವ ಕೈಗಳು ನನ್ನ ಅಕ್ಕನವು

ಇಂಧನ ಮಿತವ್ಯಯ ಇಲಾಖೆಯ ಮುಖ್ಯ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ ತೂಗುಹಾಕಿರುವ ಪೋಸ್ಟರನ್ನು ಒಮ್ಮೆ ತಿರುಗಿ ನೋಡಿ. ನಲ್ಲಿಯ ಕೆಳಗೆ ಎರಡು ಕೈಗಳಿವೆ, ಅವುಗಳ ಸುತ್ತ ಹಬೆ ಏಳುತ್ತಿದೆ, ಕೆಳಗೆ ‘ಹೊಸ ಬಿಸಿನೀರು, ಹೊಸ ಬೆಳಗು’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಆ ಕೈಗಳು ನನ್ನ ಅಕ್ಕನವು. ಚಳಿ ಶುರುವಾದಾಗಿನಿಂದ ಆ ಕೈಗಳಿಗೆ ಬೆಳಗಿನ ಹೊತ್ತು ಬಿಸಿನೀರು ಸಿಕ್ಕಿಲ್ಲ. ನೀವೇ ಮನೆಗೆ ಬಂದು ಒಪ್ಪಿಸಿ ಹಾಕಿಸಿದ ಯಂತ್ರವನ್ನು ನೀವೇ ಕಪಾಟಿನೊಳಗೆ ಮುಚ್ಚಿಸಿ, ಬಾಗಿಲಿಗೆ ಸೀಲು ಹಾಕಿಸಿದ್ದೀರಿ. ಇದನ್ನು ನಿಮ್ಮ ಕಚೇರಿಗೆ ಬಂದು ಮೆಲುದನಿಯಲ್ಲಿ ಹೇಳಿ ನೋಡಿದೆ. ಕೇಳಿಸಲಿಲ್ಲ. ಆದ್ದರಿಂದ ಈಗ ಎಲ್ಲರ ಎದುರು ಹೇಳುತ್ತಿದ್ದೇನೆ.

ನನ್ನ ಅಕ್ಕನನ್ನು ನಮ್ಮ ವಸತಿ ಕಟ್ಟಡದಲ್ಲಿ ಎಲ್ಲರೂ ಕಾಜಾ ಅಕ್ಕ ಎನ್ನುತ್ತಾರೆ. ಕೋಟಿನ ಗುಂಡಿ ತೂರಿಸುವ ಕಂಡಿಗೆ ದರ್ಜಿಗಳು ಕಾಜಾ ಎನ್ನುವುದು ನಿಮಗೆ ತಿಳಿದಿರಬಹುದು. ತಿಳಿಯದಿದ್ದರೆ ನೀವು ತೊಟ್ಟಿರುವ ಕೋಟನ್ನು ನೋಡಿಕೊಳ್ಳಿ. ಅದನ್ನು ಕೈಯಲ್ಲಿ ಹೊಲಿಯುವುದು ಅವಳ ಕೆಲಸ. ಬಟ್ಟೆಯನ್ನು ಸೀಳಿ, ಸೀಳಿದ ಅಂಚಿನ ಸುತ್ತ ರೇಷ್ಮೆ ನೂಲನ್ನು ಒತ್ತೊತ್ತಾಗಿ ಗಂಟು ಹಾಕುತ್ತ ಹೋಗಬೇಕು. ಒಂದು ಗಂಟು ಸಡಿಲವಾದರೆ ಕೋಟು ಹಳತಾಗುವ ಮೊದಲೇ ಕಾಜಾ ಬಾಯಿ ಬಿಡುತ್ತದೆ. ಅವಳಿಗೆ ಸಂಧಿವಾತವಿದೆ. ಬೆಳಗ್ಗೆ ಎದ್ದಾಗ ಬೆರಳುಗಳು ಮಡಚಿಕೊಂಡಿರುತ್ತವೆ. ಅವನ್ನು ಹರಿಯುವ ಬಿಸಿನೀರಿನ ಕೆಳಗೆ ಹಿಡಿದು, ಒಂದೊಂದಾಗಿ ಬಿಡಿಸಿಕೊಂಡು, ಹೆಬ್ಬೆರಳು ಕಿರುಬೆರಳನ್ನು ಮುಟ್ಟಿದ ಮೇಲೆ ಸೂಜಿ ಹಿಡಿಯುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗಿದ್ದೂ ಯಾರ ಹಂಗಿನಲ್ಲೂ ಇಲ್ಲದೆ ಬದುಕಿದ್ದು ಹೀಗೆ. ಅವಳ ದಿನ ನಿಂತಿರುವುದು ಆ ನೀರಿನ ಮೇಲೆ.

ಆ ನೀರು ಕಾಯಿಸಿ ಕೊಡುತ್ತಿದ್ದುದು ಬಚ್ಚಲ ಗೋಡೆಯ ಹಳೆಯ ಗೀಸರು. ಅದಕ್ಕೆ ಅವಳಿಟ್ಟ ಹೆಸರು ಮುದುಕಪ್ಪ. ಗೊರಗೊರ ಎನ್ನುತ್ತಿತ್ತು, ಕೆಮ್ಮುತ್ತಿತ್ತು, ಕರೆಂಟು ಕುಡಿಯುತ್ತಿತ್ತು. ಆದರೆ ಕಾಯಿಸುತ್ತಿತ್ತು.

ಆಗ ನೀವು ಬಂದಿರಿ. ನಿಮ್ಮ ಗುಮಾಸ್ತರನ್ನು ಕಳಿಸಲಿಲ್ಲ, ನೀವೇ ಬಂದಿರಿ. ಅದಕ್ಕೇ ಈ ಪತ್ರ ನಿಮಗೆ. ನಮ್ಮ ಕಟ್ಟಡದಲ್ಲಿ ಹೊಸ ಹೀಟ್ ಪಂಪಿಗೆ ಒಬ್ಬರೂ ಒಪ್ಪಿರಲಿಲ್ಲ. ಕಾಜಾ ಅಕ್ಕ ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ ಎಂದು ಯಾರೋ ನಿಮ್ಮ ಕಿವಿಯಲ್ಲಿ ಹೇಳಿದ್ದರು. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ನೀವು ಚೆನ್ನಾಗಿ ವಿವರಿಸಿದಿರಿ. ಈ ಯಂತ್ರ ತಾನೇ ಬೆಂಕಿ ಮಾಡುವುದಿಲ್ಲ. ಸುತ್ತಲಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ, ತಣ್ಣಗಾದ ಗಾಳಿಯನ್ನು ಹೊರಗೆ ಬಿಡುತ್ತದೆ. ಬಾಲ್ಕನಿಯಲ್ಲಿ ನಿಂತು ಉಸಿರಾಡುತ್ತ ತನ್ನ ಪಾಡಿಗೆ ಕೆಲಸ ಮಾಡುತ್ತದೆ ಎಂದಿರಿ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

“ಅದೆಲ್ಲ ಇರ್ಲಿ. ಚಳಿಗಾಲದ ಬೆಳಗ್ಗೆ ನನ್ನ ಕೈ ಬಿಡಿಸುತ್ತಾ?”

“ಅಕ್ಕಾ, ನಿಮ್ಮ ಕೈಗೆ ನಾನು ಜವಾಬ್ದಾರಿ” ಎಂದಿರಿ ನೀವು.

“ನೋಡೋ,” ಎಂದು ಅವಳು ನನ್ನ ಕಡೆ ತಿರುಗಿದಳು, “ಕೈ ಹಿಡಿದ ನಿಮ್ಮ ಭಾವನೂ ಇಷ್ಟು ಧೈರ್ಯವಾಗಿ ಹೇಳಿರಲಿಲ್ಲ!”

ನೀವು ನಕ್ಕಿರಿ. ನಾನೂ ನಕ್ಕೆ. ಅವಳು ಒಪ್ಪಿದಳು. ಮುಂದಿನ ವಾರದೊಳಗೆ ಇಡೀ ಕಟ್ಟಡ ಒಪ್ಪಿತು.

ನಿಮ್ಮ ಯೋಜನೆಯ ನಿಯಮದಂತೆ ಹಳೆಯ ಗೀಸರನ್ನು ಮನೆಯವರ ಕಣ್ಣೆದುರೇ ತೂತು ಮಾಡಬೇಕು. ಜನ ಗುಟ್ಟಾಗಿ ಮತ್ತೆ ಅದನ್ನೇ ಹಾಕಿಸಿಕೊಳ್ಳಬಾರದಲ್ಲ! ಪ್ಲಂಬರು ಮುದುಕಪ್ಪನನ್ನು ನೆಲದ ಮೇಲೆ ಮಲಗಿಸಿ ಹೊಟ್ಟೆಗೆ ಡ್ರಿಲ್ಲು ಇಟ್ಟ. “ನೋಡ್ಕೊಳ್ಳಿ ಅಕ್ಕಾ, ಇನ್ನು ಇವನು ನೀರೂ ಹಿಡಿಯಲ್ಲ, ಜಗಳಾನೂ ಆಡಲ್ಲ” ಎಂದ. ತುಕ್ಕುನೀರು ಹರಿದು ಬಚ್ಚಲ ತೂಬಿಗೆ ಹೋಯಿತು. ಹೊಸ ಯಂತ್ರದಲ್ಲಿ ತುರ್ತಿಗೆಂದು ಗೀಸರಿನಂತೆ ಕರೆಂಟಿನಿಂದಲೇ ನೀರು ಕಾಯಿಸುವ ಒಂದು ಕಾಯಿಲ್ ಇತ್ತು. ಅದರ ತಂತಿಯನ್ನೂ ಕಿತ್ತು ಹೋದ. ಅದು ಕರೆಂಟು ತಿಂದರೆ ಉಳಿತಾಯದ ಅಂಕಿ ಕೆಡುತ್ತದಂತೆ. ಅದಕ್ಕೂ ನಾವು ತಲೆಯಾಡಿಸಿದೆವು. ಜವಾಬ್ದಾರಿ ಹೊತ್ತವರು ಇದ್ದೀರಲ್ಲ?

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಯಂತ್ರದ ಮೇಲೆ ನನ್ನ ದೂರಿಲ್ಲ. ನೀವು ಹೇಳಿದ್ದೆಲ್ಲ ನಿಜವಾಗಿತ್ತು. ಬಾಲ್ಕನಿಯಲ್ಲಿ ಅದು ಸಣ್ಣಗೆ ಗುನುಗುತ್ತ ನಿಂತಿತ್ತು, ಬೆಳಗ್ಗೆ ನಲ್ಲಿ ತಿರುಗಿಸಿದರೆ ಸಾಕಾಗಿ ಮಿಗುವಷ್ಟು ಬಿಸಿನೀರು ಬರುತ್ತಿತ್ತು, ಬಿಲ್ಲು ಇಳಿದಿತ್ತು. ಅಕ್ಕ ಅದಕ್ಕೆ ಅಳಿಯ ಎಂದು ಹೆಸರಿಟ್ಟಳು: “ಕಡಿಮೆ ತಿಂತಾನೆ, ಕೂಗಾಡಲ್ಲ.” ನೀವು ಫೋಟೋದವರನ್ನು ಕರೆದುಕೊಂಡು ಬಂದದ್ದು ಆಗ. ನೀರು ಚೆನ್ನಾಗಿ ಬಿಸಿಯಿತ್ತು. ಆದರೆ ಕೈಗೆ ಹಿತವಾದ ಬಿಸಿ ಕ್ಯಾಮೆರಾಕ್ಕೆ ಕಾಣಿಸುವುದಿಲ್ಲವಂತೆ. “ಸ್ವಲ್ಪ ಹೊಗೆ ಬೇಕಲ್ಲ ಸಾರ್” ಎಂದು ಫೋಟೋದವರು ಪೇಚಾಡಿದಾಗ ಕೆಟಲಿನಲ್ಲಿ ನೀರು ಕುದಿಸಿ, ಬೇಸಿನ್ನಿನ ಕೆಳಗೆ, ಚಿತ್ರದಲ್ಲಿ ಬೀಳದ ಜಾಗದಲ್ಲಿ ಹಿಡಿಯಲು ಹೇಳಿದಿರಿ. ಇದ್ದ ಸತ್ಯಕ್ಕೆ ಒಂದಿಷ್ಟು ಹಬೆ ಸೇರಿಸಿದರೆ ಏನು ತಪ್ಪು ಎಂದು ಆ ದಿನ ಎಲ್ಲರಿಗೂ ಅನ್ನಿಸಿತ್ತು.

ಆಮೇಲೆ ಕಪಾಟುಗಳು ಬಂದವು.

ಯಂತ್ರಗಳು ಬೀದಿಗೆ ಕಾಣುತ್ತವೆ, ಕಟ್ಟಡದ ಅಂದ ಕೆಡುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಬೂದು ಬಣ್ಣದ ತಗಡಿನ ಕಪಾಟಿನಲ್ಲಿ ಮುಚ್ಚತಕ್ಕದ್ದು ಎಂದು ಆದೇಶ ಬಂತು. ಹೊರಡಿಸಿದ್ದು ಬೇರೆ ಯಾವುದೋ ಇಲಾಖೆಯಲ್ಲ, ನಿಮ್ಮದೇ. ಕೆಳಗೆ ನಿಮ್ಮದೇ ಸಹಿ. ಕೆಲಸಗಾರರು ಬಂದರು, ಕಪಾಟು ನಿಲ್ಲಿಸಿದರು, ಬಾಗಿಲು ಮುಚ್ಚಿದರು. ಗಾಳಿಯನ್ನು ಉಸಿರಾಡುವ ಯಂತ್ರಕ್ಕೆ ಮೂಗು ಬಾಯಿ ಮುಚ್ಚಿದರೆ ಏನಾಗುತ್ತದೆ? ಅದು ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಮತ್ತೆ ಹೀರಿತು. ಒಳಗೆ ಬಿಳಿಯ ಹಿಮ ಕಟ್ಟಿತು. ಹಿಮ ಕಟ್ಟಿದಾಗ ಕೆಟ್ಟುಹೋಗದಿರಲೆಂದು ಅದು ತಾನಾಗಿಯೇ ಆರಿಹೋಗುತ್ತದೆ. ಬೆಳಗ್ಗೆ ನಲ್ಲಿಯಿಂದ ಬಂದದ್ದು ಬಾವಿನೀರಿಗಿಂತ ತಣ್ಣಗಿತ್ತು. ಅಕ್ಕ ಬಾಲ್ಕನಿಗೆ ಹೋಗಿ ಕಪಾಟಿನ ಬಾಗಿಲ ಮೇಲೆ ಮಡಚಿದ ಕೈ ಇಟ್ಟು ನೋಡಿದಳು.

“ಲೋ, ಬಾರೋ ಇಲ್ಲಿ. ಬಿಸಿನೀರಿಗೆ ಅಂತ ಹಾಕಿಸಿ ಫ್ರಿಜ್ ಇಟ್ಟು ಹೋಗಿದಾರೆ.”

ನಾವು ಬಾಗಿಲು ತೆರೆದಿಟ್ಟೆವು. ಮರುದಿನವೇ ಅಳಿಯ ಎಂದಿನಂತಾದ. ಔಷಧಿ ಇಷ್ಟು ಸುಲಭವಾಗಿತ್ತು: ಒಂದು ತೆರೆದ ಬಾಗಿಲು. ಆದರೆ ನಿಮ್ಮ ತಪಾಸಣೆಯವರು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡುವವರು. ತೆರೆದ ಬಾಗಿಲು ಕಂಡಿತು, ಮೇಲೆ ಬಂದರು.

“ಸಾರ್, ಮುಚ್ಚಿದ್ರೆ ನೀರು ಕಾಯಲ್ಲ” ಎಂದೆ.

“ನೀರು ನನ್ನ ಟೇಬಲ್ಲಿಗೆ ಬರಲ್ಲ ಸ್ವಾಮಿ. ನನ್ನದು ಬಾಗಿಲು.”

“ಹಾಗಾದ್ರೆ ನೀರಿನ ಟೇಬಲ್ಲಿನವರು ಯಾವಾಗ ಬರ್ತಾರೆ?” ಎಂದು ಅಕ್ಕ ಒಳಗಿನಿಂದ ಕೇಳಿದಳು.

“ಅವರದು ಮುಗೀತಲ್ಲಮ್ಮ. ಹಾಕಿಸಿ ಕೊಟ್ಟಾಯ್ತು. ಫೋಟೋನೂ ಬಂತು.”

ಅವರು ತೀರಾ ಕೆಟ್ಟ ಮನುಷ್ಯರಲ್ಲ. ಸೀಲು ಒತ್ತುವಾಗ ಅಕ್ಕನ ಕೈ ನೋಡಿ, “ನೋವಿದ್ಯಾಮ್ಮ?” ಎಂದೂ ಕೇಳಿದರು. ಕೇಳುತ್ತಲೇ ಒತ್ತಿದರು. ಸೀಲು ಮುರಿದರೆ ಯಂತ್ರವನ್ನೇ ವಾಪಸು ತೆಗೆದುಕೊಳ್ಳಲಾಗುತ್ತದೆ ಎಂಬ ಚೀಟಿ ಅಂಟಿಸಿ ಹೋದರು. ಮುದುಕಪ್ಪ ಹೋಗಿಯಾಗಿತ್ತು. ಅಳಿಯನಿಗೂ ಈಗ ಜೈಲು.

ನಾನು ನಿಮ್ಮಲ್ಲಿಗೆ ಬಂದೆ. ನೀವು ಎದ್ದು ನಿಂತು ಸ್ವಾಗತಿಸಿದಿರಿ, ಕುರ್ಚಿ ತೋರಿಸಿದಿರಿ. ವಿಷಯ ಹೇಳಿದೆ. ನೀವು ಪರದೆಯ ಮೇಲೆ ಏನನ್ನೋ ನೋಡಿ ನಗುಮುಖದಿಂದ ಹೇಳಿದಿರಿ: “ಇಲ್ಲವಲ್ಲ, ನಿಮ್ಮ ಮನೆಯ ಫಲಿತಾಂಶ ಅತ್ಯುತ್ತಮವಾಗಿದೆ. ಕಪಾಟು ಬಂದ ಮೇಲೆ ಬಳಕೆ ಇನ್ನೂ ಇಳಿದಿದೆ.” ಇಳಿಯದೆ ಏನು ಮಾನ್ಯರೇ? ಆರಿಹೋದ ಯಂತ್ರ ಕರೆಂಟು ತಿನ್ನುತ್ತದೆಯೇ? ಈ ಲೆಕ್ಕದಲ್ಲಿ ಹಚ್ಚದ ಒಲೆಯೇ ಅತ್ಯಂತ ಮಿತವ್ಯಯದ ಒಲೆ, ಓಡದ ಬಸ್ಸೇ ಅತ್ಯಂತ ಸುರಕ್ಷಿತವಾದ ಬಸ್ಸು. ನಾನು, “ನನ್ನ ಅಕ್ಕನ ಕೈಗೆ ನೀವು ಜವಾಬ್ದಾರಿ ಎಂದಿದ್ದಿರಿ” ಎಂದೆ. ನೀವು ಹುಬ್ಬು ಗಂಟಿಕ್ಕಿ, ನಿಜವಾಗಿ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿ, ಕೇಳಿದಿರಿ:

“ಯಾವ ಅಕ್ಕ?”

ನಿಮ್ಮ ತಲೆಯ ಹಿಂದೆ ಅವಳ ಕೈಗಳು ಹಬೆಯಲ್ಲಿ ತೊಳೆದುಕೊಳ್ಳುತ್ತಿದ್ದವು. ನಾನು ಬೆರಳು ತೋರಿಸಲಿಲ್ಲ. ತೋರಿಸಬೇಕಾಗಿತ್ತು. ನಿಮಗೆ ಇನ್ನೊಂದು ಸಭೆಯಿತ್ತು.

ಹೊರಬರುವಾಗ ನಿಮ್ಮ ಗುಮಾಸ್ತರು ಸಮಾಧಾನ ಹೇಳಿದರು: “ಚಳಿ ಕಳೆಯೋವರೆಗೆ ಪಾತ್ರೇಲಿ ಕಾಯಿಸ್ಕೊಳ್ಳಿ ಸಾರ್, ಅದೇನು ಮಹಾ.” ಕಾಯಿಸಿಕೊಳ್ಳುತ್ತಿದ್ದೇವೆ. ಆದರೆ ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಬೆಳಗಿನ ಪಾಳಿಯಿದ್ದಾಗ ಅವಳು ಏಳುವ ಮೊದಲೇ ಹೊರಡಬೇಕು. ಆಗ ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಬೇಕಾದದ್ದು ಯಾವ ಕೈಗಳು? ಬಿಸಿನೀರು ತಾಗುವ ತನಕ ಬಿಡಿಸಿಕೊಳ್ಳದ ಅದೇ ಕೈಗಳು. ಒಂದು ಬೆಳಗ್ಗೆ ಪಾತ್ರೆ ಜಾರಿತು. ನಾನು ಬಂದಾಗ ಅವಳು ಸುಟ್ಟ ಪಾದಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. “ಪಾದಕ್ಕೇನೂ ಆಗಿಲ್ಲ ಬಿಡೋ, ಕೋಟಿನ ಮೇಲೆ ಬೀಳ್ಲಿಲ್ಲವಲ್ಲ” ಎಂದಳು. ಅವಳು ಗಾಯದ ಬಗ್ಗೆ ಸುಳ್ಳು ಹೇಳುವುದು ನನಗೆ ಹೊಸತಲ್ಲ. ಆದರೆ ಕೋಟಿನ ಬಗ್ಗೆ ಅವಳು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹೆದರಲು ಕಾರಣವಿತ್ತು. ಅವಳಿಗೆ ಕೆಲಸ ಕೊಡುವ ಕೋಟಿನ ಮೇಷ್ಟ್ರು ಆ ವಾರ ಒಂದು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾಜಾದ ಮೇಲೆ ಉಗುರಾಡಿಸಿ ನೋಡಿದರು.

“ಅಕ್ಕಾ, ಇದು ನಿಮ್ದೇನಾ?”

“ನಂದೇ ಮೇಷ್ಟ್ರೇ.”

“ಈ ಸಲ ಉಳಿದಿದ್ದಕ್ಕೆ ಮಷೀನ್ ಕಾಜಾ ಮಾಡಿಸ್ತೀನಿ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ.”

“ರೆಸ್ಟ್ ಅಂದ್ರೆ ಏನೂಂತ ನನಗೂ ಗೊತ್ತು ಬಿಡಿ. ಹರಸಿ ಕಳಿಸೋ ಮಾತು.”

“ಛೆ ಛೆ, ಚಳಿ ಕಳೀಲಿ ಅಂದೆ ಅಷ್ಟೆ.”

“ಚಳಿ ಕಳೆಯೋ ಹೊತ್ತಿಗೆ ಮಷೀನು ಕಲ್ತಿರುತ್ತೆ” ಎಂದು ಅವಳು ನಕ್ಕು ಬಂದಳಂತೆ. ಮನೆಗೆ ಬಂದ ಮೇಲೆ ನಗಲಿಲ್ಲ. ಸೂಜಿಗಳನ್ನೆಲ್ಲ ದಿಂಬಿನಿಂದ ಕಿತ್ತು ಒರೆಸಿ ಮತ್ತೆ ಚುಚ್ಚಿಟ್ಟಳು. ಈ ಕೆಲಸ ಹೋದರೆ ನಾನು ಅವಳನ್ನು ನೋಡಿಕೊಳ್ಳಬಲ್ಲೆ, ಊಟಕ್ಕೆ ಕೊರತೆಯಾಗದು. ಆದರೆ ಕಾಜಾ ಅಕ್ಕ ಎಂಬ ಹೆಸರಿನಲ್ಲಿ ಉಳಿಯುವುದು ಅಕ್ಕ ಮಾತ್ರ. ಅಂಥ ಆಸರೆಯನ್ನು ಅವಳು ನನ್ನಿಂದಲೂ ಸ್ವೀಕರಿಸುವವಳಲ್ಲ.

ಇದಕ್ಕಿಂತ ಚಿಕ್ಕದೊಂದು ಸಂಗತಿಯನ್ನು ಹೇಳುತ್ತೇನೆ. ಈ ಪತ್ರವನ್ನು ಬರೆಸಿದ್ದು ಅದೇ. ಮೊನ್ನೆ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿದ್ದೆವು. ಗಾಜಿನ ಹಿಂದೆ ನಿಮ್ಮ ಪೋಸ್ಟರಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ತಮ್ಮ ಕೈಗಳನ್ನು ಉಜ್ಜಿಕೊಳ್ಳುತ್ತ, “ಏನು ಹಾಯಾಗಿವೆ ನೋಡಿ ಆ ಕೈಗಳು. ಯಾರೋ ಏನೋ, ಪುಣ್ಯವಂತೆ” ಎಂದರು.

ಅಕ್ಕ ತನ್ನ ಕೈಗಳನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡಳು. “ಹೌದಮ್ಮ,” ಎಂದಳು, “ನನಗೂ ಪರಿಚಯ ಇದ್ದವಳೇ.”

ಮಾನ್ಯರೇ, ಯೋಜನೆಗಳು ಸೋಲುತ್ತವೆ, ಯಂತ್ರಗಳು ಕೆಡುತ್ತವೆ. ಅದನ್ನು ದ್ರೋಹ ಎನ್ನುವಷ್ಟು ಅವಿವೇಕಿ ನಾನಲ್ಲ. ಆದರೆ ನಿಮ್ಮ ಯೋಜನೆ ಸೋತಿಲ್ಲ, ಯಂತ್ರ ಕೆಟ್ಟಿಲ್ಲ. ಒಬ್ಬಳ ನಂಬಿಕೆಯನ್ನು ಪಡೆದು, ಅದನ್ನು ತೋರಿಸಿ ಕಟ್ಟಡದವರನ್ನೆಲ್ಲ ಒಪ್ಪಿಸಿ, ಅವಳ ಕೈಗಳನ್ನು ಗೋಡೆಗಳಿಗೆ ಅಂಟಿಸಿ, ಕೊನೆಗೆ ಯಾವ ಅಕ್ಕ ಎಂದು ಕೇಳಿದ್ದೀರಿ. ಈಗ ಮೆಟ್ಟಿಲಲ್ಲಿ ಎದುರಾದವರು, “ನಿಮ್ಮನ್ನ ನೋಡಿ ನಾವೂ ಹಾಕಿಸ್ಕೊಂಡ್ವಲ್ಲಾ ಕಾಜಾ ಅಕ್ಕಾ” ಎನ್ನುವುದನ್ನು ಅವಳು ಕೇಳಬೇಕು. ನಿಮ್ಮ ಮಾತಿಗೆ ಜವಾಬು ಅವಳು ಕೊಡಬೇಕು. ಇದಕ್ಕೆ ಬೇರೆ ಯಾವ ಪದವಿದೆ? ನಿಮ್ಮ ಕಚೇರಿಯ ಭಾಷೆಯಲ್ಲಿ ಇರಬಹುದು. ನನಗೆ ಗೊತ್ತಿಲ್ಲ.

ನಾನು ಪರಿಹಾರ ಕೇಳುತ್ತಿಲ್ಲ, ಕ್ಷಮಾಪಣೆಯನ್ನೂ ಕೇಳುತ್ತಿಲ್ಲ. ಕಪಾಟುಗಳ ಸೀಲು ತೆಗೆಸಿ. ಬಾಗಿಲ ಬದಲು ಗಾಳಿಯಾಡುವ ಜಾಲರಿ ಹಾಕಿಸಿ. ಬೂದು ಬಣ್ಣವನ್ನೇ ಬಳಿಸಿ, ಬೀದಿಯಿಂದ ನೋಡಿದರೆ ಎಲ್ಲ ಮನೆಗಳೂ ಒಂದೇ ಥರ ಕಾಣಲಿ, ನಮ್ಮ ಅಡ್ಡಿಯಿಲ್ಲ. ಚಳಿ ಇನ್ನೂ ಉಳಿದಿದೆ, ಮೇಷ್ಟ್ರ ಮಷೀನು ಇನ್ನೂ ಪೂರ್ತಿ ಕಲಿತಿಲ್ಲ. ಅಷ್ಟು ನಿಮ್ಮಿಂದಾಗದಿದ್ದರೆ ಊರಿನ ಗೋಡೆಗಳ ಮೇಲಿರುವ ಆ ಪೋಸ್ಟರುಗಳನ್ನೆಲ್ಲ ಇಳಿಸಿ, ನನ್ನ ಅಕ್ಕನ ಕೈಗಳನ್ನು ಅವಳಿಗೆ ವಾಪಸು ಕೊಡಿ. ಎರಡರಲ್ಲಿ ಒಂದು ಆಗುವ ತನಕ, ಆ ಚಿತ್ರದ ಹಬೆ ಎಲ್ಲಿಂದ ಬಂತು ಎಂಬುದನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತೇನೆ. ನನಗೆ ಅದು ಚೆನ್ನಾಗಿ ಗೊತ್ತು.

ಇಂತಿ,
ನಿಮ್ಮ ಚಿತ್ರದಲ್ಲಿ ಬೀಳದಂತೆ ಬಗ್ಗಿ ಕೆಟಲು ಹಿಡಿದಿದ್ದವನು