ಮೂರನೇ ಡಿಸ್ಕಿನ ಮುದ್ದಯ್ಯ

ಗುಂಡ್ಲುಪೇಟೆ
6-2-2025, ಗುರುವಾರ

ಚಿರಂಜೀವಿ ರಂಗರಾಜುವಿಗೆ ಅಪ್ಪ ಮುದ್ದಯ್ಯನ ಆಶೀರ್ವಾದ. ನೀನಲ್ಲಿ ಆರೋಗ್ಯವಾಗಿರಬಹುದು ಎಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಇದ್ದೇವೆ.

ಕಾಗದ ಬರೆಯುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಐದನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಮಂಡಿ ಸೇರಿದವನು ನಾನು. ಹರಾಜು ಕೂಗಿಕೊಂಡೇ ಮುದುಕನಾದೆ. ಬಾಯಿ ಇದ್ದಷ್ಟು ಕಾಲ ಪೆನ್ನು ಮುಟ್ಟುವ ದರ್ದು ಬೀಳಲಿಲ್ಲ. ಈಗ ಡಾಕ್ಟರು ಗಂಟಲಿನ ಪೆಟ್ಟಿಗೆ ಕಿತ್ತು, ಕುತ್ತಿಗೆಗೆ ತೂತು ಮಾಡಿ ಕಳಿಸಿದ ಮೇಲೆ ಊರಿನವರೆದುರು ಸ್ಲೇಟು ಹಿಡಿಯಬೇಕು. ನಿನ್ನವ್ವನಿಗೆ ಅದೂ ಇಲ್ಲ, ಅವಳಿಗೆ ಓದು ಬರುವುದಿಲ್ಲ. ಅವಳ ಹತ್ತಿರ ಬರೀ ಕೈಸನ್ನೆ. ನೀರು ಎಂದು ತೋರಿಸಿದರೆ ಮಜ್ಜಿಗೆ ಬರುತ್ತದೆ.

ನಿನ್ನ ಹೋದ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಸೋಮಾರಿತನಕ್ಕೆ, ಬೇರೆ ಕಾರಣ ಹುಡುಕಬೇಡ. ಇವತ್ತು ಬೆಳಗ್ಗೆಯಿಂದ ನಿನ್ನವ್ವ ಬೆನ್ನು ಬಿಟ್ಟಿಲ್ಲ. "ಮಗಂಗೆ ಒಂದು ಕಾಗ್ದ ಬರಿ ಅಂತ ಎಷ್ಟು ದಿಸ ಬಡ್ಕಳನ ನಾನು? ಅವನ್ ಪೆಟ್ಗೆ ಕೂಗ್ತಾ ಅದೆ, ನೀನು ಕಲ್ಲು ಕುಂತಂಗೆ ಕುಂತಿದ್ದೀಯಲ್ಲ!" ಎಂದು ಕಾಗದ, ಪೆನ್ನು ತಂದು ನನ್ನ ತೊಡೆಯ ಮೇಲೆ ಎಸೆದಳು. ನಿನ್ನ ಪುಣಜನೂರಿನ ಕಾಡಿನ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ನೀನು ಚಾಮರಾಜನಗರಕ್ಕೆ ಬಂದಾಗ ಫೋನ್ ಮಾಡಿದರೂ ಎತ್ತುವವಳು ಅವಳು. ನೀನು ಹೇಳಿದ್ದನ್ನು ಅವಳು ನನಗೆ ಹೇಳಿ, ನನ್ನ ಕೈಸನ್ನೆಯನ್ನು ನಿನಗೆ ಹೇಳುವಷ್ಟರಲ್ಲಿ ಪೆಟ್ಟಿಗೆಯ ಮೂರನೇ ಡಿಸ್ಕು ಐದನೆಯದಾಗಿರುತ್ತದೆ. ಅದಕ್ಕೇ ಈ ಕಾಗದ. ಸತ್ಯಮಂಗಲದ ಬಸ್ಸಿನ ಕಂಡಕ್ಟರ್ ಗುರುಸಿದ್ದಯ್ಯನ ಕೈಗೆ ಕೊಡುತ್ತೇನೆ, ಅವನು ನಿಮ್ಮ ಚೆಕ್‌ಪೋಸ್ಟಿನಲ್ಲಿ ಇಳಿಸುತ್ತಾನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಐದು ಡಿಸ್ಕಿನ ಸರ್ವರ್ ಪೆಟ್ಟಿಗೆ ಕೀಂ ಕೀಂ ಎನ್ನುತ್ತಿದೆ. ಇಟ್ಟ ಜಾಗದಲ್ಲೇ ಇದೆ, ಈರುಳ್ಳಿ ಕೋಣೆಯಲ್ಲಿ. ತಂಪಾಗಿ, ಗಾಳಿಯಾಡುವ ಕಡೆ ಇರಬೇಕು ಎಂದು ನೀನು ಹೇಳಿದೆ. ನಡುಮನೆಯಲ್ಲಿ ಶೀಟಿನ ಕಾವು. ಈ ಮನೆಯಲ್ಲಿ ತಂಪೂ ಗಾಳಿಯೂ ಇರುವುದು ಬಿತ್ತನೆಯ ಸಣ್ಣ ಈರುಳ್ಳಿ ಹರವಿದ ಆ ಕೋಣೆಯಲ್ಲಿ ಮಾತ್ರ. ನೀನೂ ನಾನೂ ಸೇರಿಯೇ ಹೊತ್ತು ಅಲ್ಲಿಟ್ಟೆವು.

ನಿನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ನೋಡಿದೆ. ಒಂದರಿಂದ ನಾಲ್ಕನೇ ಡಿಸ್ಕಿನವರೆಗೆ ಹಸಿರು ಚುಕ್ಕಿ. ನೀನು ಪ್ಯಾರಿಟಿ ಎನ್ನುವ ಐದನೆಯದರ ಮುಂದೆ ಕೆಂಪು ಕತ್ತರಿ ಗುರುತು. ನೀನು ಹೇಳಿದ್ದು ನೆನಪಿದೆ: ನಾಲ್ಕರಲ್ಲಿ ಸಾಮಾನು, ಐದನೆಯದರಲ್ಲಿ ಆ ನಾಲ್ಕರ ಲೆಕ್ಕ. ನಾಲ್ಕರಲ್ಲಿ ಒಂದು ಸತ್ತರೆ ಉಳಿದ ಮೂರೂ ಐದನೆಯದೂ ಸೇರಿ ಸತ್ತದ್ದನ್ನು ಮತ್ತೆ ಹುಟ್ಟಿಸುತ್ತವೆ. ಲೆಕ್ಕದವನೇ ಮಲಗಿದರೆ ಏನು ಮಾಡಬೇಕು ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

ಒಂದು, ಎರಡು, ನಾಲ್ಕರಲ್ಲಿ ಇರುವುದು ಕಾಡಿನ ಮರಗಳಿಗೆ ಕ್ಯಾಮೆರಾ ಕಟ್ಟಿ ನೀನು ತೆಗೆದ ಹುಲಿ, ಆನೆ. ಅದಕ್ಕೆ ನಿಮ್ಮ ಆಫೀಸಿನಲ್ಲಿ ಇನ್ನೊಂದು ಪ್ರತಿ ಇದೆ. ಮೂರನೆಯದರಲ್ಲಿ ಇರುವವನು ನಾನು. ಆಪರೇಷನ್ನಿಗೆ ಮುಂಚೆ ನೀನು ಮಂಡಿಯಲ್ಲೂ ಮನೆಯಲ್ಲೂ ಮೈಕ್ ಹಿಡಿದು ನನ್ನ ಹಿಂದೆ ಸುತ್ತಿ ತುಂಬಿಕೊಂಡೆಯಲ್ಲ, ಆ ಮಾತೆಲ್ಲ. ಅದಕ್ಕೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನಿನ್ನವ್ವ ಫೋನಿನಲ್ಲಿ ನನ್ನ ಮುಖದ ಚಿತ್ರ ಒತ್ತಿ ಈ ಪೆಟ್ಟಿಗೆಯಿಂದ ದಿನಾ ಕೇಳುವುದು ಅದನ್ನೇ. ಅವಳಿಗೆ ಇರುವ ಭಯವೂ ಅದೇ.

ಏನು ಬಿಚ್ಚಬೇಕು, ಏನು ಮುಟ್ಟಬಾರದು, ಒಂದಾದ ಮೇಲೊಂದು ಬರಿ. ಇಂಗ್ಲಿಷ್ ಪದ ಇದ್ದರೆ ಕನ್ನಡದ ಅಕ್ಷರದಲ್ಲೇ ಬರಿ.

ನಿನ್ನ ತಂದೆ
ಮುದ್ದಯ್ಯ

*

ಗುಂಡ್ಲುಪೇಟೆ
17-2-2025, ಸೋಮವಾರ

ಚಿರಂಜೀವಿ ರಂಗರಾಜುವಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಗುರುಸಿದ್ದಯ್ಯ ಅದನ್ನು ಟಿಕೆಟ್ ಚೀಲದಲ್ಲಿಟ್ಟು ಮರೆತಿದ್ದನಂತೆ, ಆಮೇಲೆ ನನಗೆ ಕಫ ಕಟ್ಟಿ ಮೂರು ದಿನ ಮಲಗಿದೆ, ತಡವಾಯಿತು. ಈಗ ಏನಿಲ್ಲ. ನಿಮ್ಮ ಕ್ಯಾಂಪಿನ ಹತ್ತಿರ ಒಂಟಿ ಆನೆ ಬಂದಿತ್ತು ಎಂದು ಬರೆದಿದ್ದೀಯ. ಅದನ್ನು ನಿನ್ನವ್ವನಿಗೆ ತಿಳಿಸಲಿಲ್ಲ. ಆನೆಯನ್ನು ಕೈಯಲ್ಲಿ ತೋರಿಸುವುದು ಸುಲಭ, ಆದರೆ ಆಮೇಲೆ ಅವಳು ಅಳುವುದನ್ನು ನಿಲ್ಲಿಸುವ ಸನ್ನೆ ನನಗೆ ಗೊತ್ತಿಲ್ಲ.

ನೀನು ಬರೆದಂತೆಯೇ ಮಾಡಿದೆ. ಆಫ್ ಮಾಡಿ, ವೈರು ಕಿತ್ತು, ಪೆಟ್ಟಿಗೆಯನ್ನು ಜಗುಲಿಗೆ ಎಳೆದು ಮುಚ್ಚಳ ಬಿಚ್ಚಿದೆ. ಒಳಗೆ ಈರುಳ್ಳಿ ಸಿಪ್ಪೆ ಕಣೋ! ಫ್ಯಾನು ಗಾಳಿ ಎಳೆಯುತ್ತದೆ, ಗಾಳಿಯ ಜೊತೆಗೆ ಹರವಿದ ಈರುಳ್ಳಿಯ ಸಿಪ್ಪೆಯನ್ನೂ ಎಳೆದಿದೆ. ಫ್ಯಾನಿನ ಜಾಲರಿಗೆ ಗೂಡು ಕಟ್ಟಿದ ಹಾಗೆ ಮೆತ್ತಿಕೊಂಡು, ಉಳಿದದ್ದು ಡಿಸ್ಕುಗಳ ಸಂದಿಗೆಲ್ಲ ಹೋಗಿದೆ. ಮೂಗಿನಲ್ಲಿ ಉಸಿರಿಲ್ಲದೆ ನನಗೆ ವಾಸನೆಯೂ ಹೋಗಿದೆಯಲ್ಲ, ಕಾದ ವಾಸನೆ ಬಂದಿದ್ದರೂ ಗೊತ್ತಾಗುತ್ತಿರಲಿಲ್ಲ. ನಿನ್ನವ್ವ ಬಗ್ಗಿ ಮೂಸಿ, "ಅಯ್ಯೋ, ಒಗ್ಗರಣೆ ಸೀದಂಗದೆ" ಎಂದಳು.

ಬ್ರಷ್ಷಿನಲ್ಲಿ ಬಾಚಿದರೂ ಸಂದಿಯದು ಬರಲಿಲ್ಲ. ಊದಬೇಕು. ನನಗೆ ಉಸಿರು ಬರುವುದು ಕುತ್ತಿಗೆಯಲ್ಲಿ, ಬಾಯಿಗೆ ಗಾಳಿ ಎಲ್ಲಿಂದ ಬರಬೇಕು? ಅಭ್ಯಾಸದ ಮೇಲೆ ಬಗ್ಗಿ ತುಟಿ ಕೂಡಿಸಿದೆ, ಏನೂ ಬರಲಿಲ್ಲ. ಅವಳು ನೋಡಿದಳು. "ಸರಿ ಅತ್ಲಾಗಿ, ನಾನ್ ಊದ್ತೀನಿ" ಎಂದು ಒಲೆ ಊದಿದ ಹಾಗೆ ಊದಿದಳು. ಸಿಪ್ಪೆಯೆಲ್ಲ ಎದ್ದು ಅವಳ ತಲೆಯ ಮೇಲೇ ಕೂತಿತು. "ನಗು, ನಗು, ಹಲ್ಲು ಕಾಣ್ತಾ ಅದೆ" ಎಂದಳು. ಸದ್ದಿಲ್ಲದ ನಗುವೂ ನಗುವೇ ಎಂದು ಅವತ್ತು ಗೊತ್ತಾಯಿತು.

ಐದನೆಯದರ ವೈರು ಬದಲಾಯಿಸಿ, ಪೆಟ್ಟಿಗೆಯನ್ನು ದೇವರ ಗೂಡಿನ ಕೆಳಗೆ ಇಟ್ಟು ಆನ್ ಮಾಡಿದೆ. ನೀನು ಹೇಳಿದ ಪರೀಕ್ಷೆ ಹಚ್ಚಿದೆ. ಪಾಸಾಯಿತು. ಐದನೆಯದಕ್ಕೆ ಏನೂ ರೋಗವಿಲ್ಲ, ಕಾವಿಗೆ ವೈರಿನ ತುದಿ ಸಡಿಲವಾಗಿತ್ತು ಅಷ್ಟೆ. ಆದರೂ ಕೆಂಪು ಗುರುತು ಹೋಗಲಿಲ್ಲ. ಒಮ್ಮೆ ನಂಬಿಕೆ ಬಿಟ್ಟ ಮೇಲೆ ನಾವಾಗಿ ಹೇಳುವ ತನಕ ಯಂತ್ರ ಮತ್ತೆ ನಂಬುವುದಿಲ್ಲ ಎಂದು ನೀನೇ ಬರೆದಿದ್ದೀಯ, ಸರಿ.

ಮುಂದಿನದು, ನನ್ನ ಮಾತುಗಳನ್ನೆಲ್ಲ ಮೂರನೆಯದರಿಂದ ಒಂದನೆಯದಕ್ಕೆ ಕಾಪಿ ಮಾಡು ಎಂದು ನೀನು ಬರೆದಿದ್ದೆ. ಮಾಡುವ ಮೊದಲು ಒಂದನ್ನು ಒತ್ತಿ ಕೇಳಿದೆ. ನಿನ್ನವ್ವ ಅಡಿಗೆಮನೆಯಲ್ಲಿ ಒತ್ತಿದ್ದನ್ನು ಗೋಡೆಯಾಚೆಯಿಂದ ಕೇಳುತ್ತಿದ್ದೆ ಅಷ್ಟೆ, ಎದುರಿಗೆ ಕೂತು ಕೇಳಿರಲಿಲ್ಲ. ಮಂಡಿಯ ಹರಾಜು. ಹಿಂದೆ ಲಾರಿ ಸದ್ದು, ಕೊಳ್ಳಲು ಬಂದ ಮಲಯಾಳಿಗಳ ಗಲಾಟೆ, ಅದರ ಮೇಲೆ ನಾನು. "ಏಯ್, ಯಾರ್ಲಾ ಅವ ಹಿಂದ್ಗಡೆ? ಕೈ ಎತ್ತಿದ್ದು ಕೂಗಕೋ ತಲೆ ಕೆರ್ಕಳಕೋ? ತಲೆ ಕೆರ್ಕಳದಾದ್ರೆ ಮನೆಗೋಗಿ ಕೆರ್ಕಳ್ಲಾ, ಇಲ್ಲಿ ಕೆರ್ಕಂಡ್ರೆ ನಿನ್ ತಲೆ ಮೇಲೇ ಈ ಮೂಟೆ ಏರಿಸ್ಬುಡ್ತೀನಿ!" ಎಲ್ಲರೂ ನಗುತ್ತಾರೆ. ಆಮೇಲೆ ನಿನ್ನ ದನಿ, "ಅಪ್ಪ, ಅವ್ವಂಗೆ ಏನಾರ ಹೇಳು" ಅಂತ. "ಏನ್ಲಾ ಹೇಳನ? ನಲವತ್ತು ವರ್ಷದಿಂದ ಹೇಳ್ತಾನೇ ಇವ್ನಿ, ಕೇಳವ್ಳಾ ಅವ್ಳು? ಓಗ್ಲಾ ಅತ್ತಾಗಿ."

ಯಾರೋ ಬೇರೆಯವನು. ಒಳ್ಳೆ ಗಂಟಲು.

ಕಾಪಿ ಹಚ್ಚಿದೆ. ಪರದೆಯ ಮೇಲಿನ ಪಟ್ಟಿ ಸ್ವಲ್ಪ ಹಸಿರಾಗಿ ಅಲ್ಲೇ ನಿಂತಿತು. ಮೂರನೆಯದು ಟಕ್ ಟಕ್ ಎಂದಿತು, ಆಮೇಲೆ ಲೆಕ್ಕಕ್ಕೇ ಇಲ್ಲವಾಯಿತು. ಫ್ಯಾನಿಗೆ ಅಂಟಿಕೊಂಡೇ ಇದ್ದದ್ದು ಅದು, ಗಾಳಿ ಕಟ್ಟಿ ಎಲ್ಲಕ್ಕಿಂತ ಹೆಚ್ಚು ಕಾದದ್ದೂ ಅದೇ. ಕಾಪಿಯಾಗಿದ್ದು ಒಂದೂ ಪೂರ್ತಿ ಇಲ್ಲ. ನಿನ್ನವ್ವ ಫೋನಿನಲ್ಲಿ ನನ್ನ ಮುಖ ಒತ್ತಿದರೆ ಚಕ್ರ ಸುತ್ತುತ್ತದೆ, ಮಾತಿಲ್ಲ.

ಅವಳ ಕಾಟಕ್ಕೆ ಮೊಬೈಲ್ ಅಂಗಡಿಯ ಸಾಗರ್‌ನನ್ನು ಕರೆದೆ. ಬಂದು ನೋಡಿ, "ಇಲ್ಲೇ ಕೇಳ್ತಾ ಅದಲ್ಲ ಮುದ್ದಣ್ಣ, ಫಾರ್ಮ್ಯಾಟ್ ಮಾಡ್ಲಾ ಅಂತ. ಹೊಡುದ್ಬುಡನ, ಡಿಸ್ಕು ಹೊಸದರಂಗಾಯ್ತದೆ" ಎಂದು ಗುಂಡಿಯ ಮೇಲೆ ಬೆರಳಿಟ್ಟ. ನಿನ್ನ ಕಾಗದದಲ್ಲಿ ಎರಡು ಗೆರೆ ಎಳೆದು ಬರೆದಿದ್ದೀಯಲ್ಲ, ಅದು ಕೇಳಿದರೂ ಹೂಂ ಅನ್ನಬೇಡ, ಒತ್ತಿದರೆ ಒಳಗಿನದು ಅಳಿಸಿಹೋಗುತ್ತದೆ, ಐದನೆಯದರ ಲೆಕ್ಕವೂ ಅಳಿಸಿದ್ದಕ್ಕೇ ಹೊಂದಿಕೊಳ್ಳುತ್ತದೆ, ಮತ್ತೆ ಹುಟ್ಟಿಸಲಾಗುವುದಿಲ್ಲ ಎಂದು. ಬೇಡ ಎಂದು ಕೂಗಬೇಕು, ಕೂಗುವುದು ಹೇಗೆ? ಅವನ ಕೈಮೇಲೆ ಒಂದು ಏಟು ಹಾಕಿದೆ. "ಹೊಡೀತೀಯಲ್ಲ ಮಾರಾಯ, ಬಾಯಲ್ಲಿ ಹೇಳಬಾರ್ದಾ?" ಎಂದವನು ತಾನೇ ನಾಲಿಗೆ ಕಚ್ಚಿಕೊಂಡ. ಒಳ್ಳೆಯವನೇ. ಕಾಫಿ ಕುಡಿಸಿ ಕಳಿಸಿದೆ.

ಈಗ ನಿಂತಿರುವುದು ಇಲ್ಲಿ. ನಿನ್ನ ಟ್ರಂಕಿನಲ್ಲಿದ್ದ ಹೊಸ ಡಿಸ್ಕು ತೆಗೆದಿಟ್ಟಿದ್ದೇನೆ. ಇನ್ನೊಂದು ಡಿಸ್ಕೂ ಕೈಕೊಟ್ಟರೆ ಎಂದು ನೀನು ಮುಂಚೆಯೇ ಎರಡು ದಾರಿ ಬರೆದಿದ್ದೀಯ. ಐದನೆಯದನ್ನು ನಂಬುತ್ತೇನೆ ಎಂದು ಯಂತ್ರಕ್ಕೆ ಹೇಳಿ ಮೂರನೆಯದರ ಜಾಗಕ್ಕೆ ಹೊಸದು ಹಾಕಿದರೆ, ಉಳಿದವೆಲ್ಲ ಸೇರಿ ಮೂರನೆಯದನ್ನು ಹೊಸದಾಗಿ ಬರೆಯುತ್ತವೆ. ಒಂದೆರಡು ಕಡೆ ಮಾತು ತೊದಲಬಹುದು ಅಷ್ಟೆ. ಇಲ್ಲದಿದ್ದರೆ ಮೂರನೆಯದನ್ನು ಬಿಟ್ಟು ಉಳಿದ ಮೂರಕ್ಕೆ ಹೊಸ ಲೆಕ್ಕ ಶುರುಮಾಡುವುದು, ನನ್ನ ಮಾತು ಹೋದದ್ದು ಹೋದದ್ದೇ. ನಿನ್ನ ಹುಲಿಗಳು ಎರಡರಲ್ಲೂ ಉಳಿಯುತ್ತವೆ. ಯಾವುದನ್ನು ಹಿಡಿದರೂ ಹಿಂದಕ್ಕೆ ಬರುವ ಹಾಗಿಲ್ಲ. ನಾನು ಇನ್ನೂ ಯಾವುದನ್ನೂ ಮುಟ್ಟಿಲ್ಲ. ಪೆಟ್ಟಿಗೆ ಆಫ್ ಮಾಡಿ ಮೇಲೆ ಟವೆಲ್ ಹೊದಿಸಿದ್ದೇನೆ.

ಬೇರೆ ಸುದ್ದಿ ಅಂಥದ್ದಿಲ್ಲ. ಮಂಡಿಯಲ್ಲಿ ಈಗ ಒಬ್ಬ ಮೈಕಿನಲ್ಲಿ ಕೂಗುತ್ತಾನೆ, ದೇವಸ್ಥಾನದಲ್ಲಿ ಚಪ್ಪಲಿ ಕಳೆದದ್ದು ಹೇಳಿದ ಹಾಗೆ. ಕಾಡಿನಲ್ಲಿ ಒಬ್ಬನೇ ಓಡಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ನೂರ್ಕಾಲ ಚೆನ್ನಾಗಿರು, ನಿನ್ನ ಕ್ಯಾಮೆರಾಗಳೂ ಇರಲಿ.

ನಿನ್ನ ತಂದೆ
ಮುದ್ದಯ್ಯ

ಇನ್ನೊಂದು ಮಾತು. ಮೇಲಿನದನ್ನು ಮಡಿಸಿ ಅಂಟು ಹಚ್ಚುವವನಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ನಿನ್ನವ್ವನಿಗೆ ಫೋನಿನಲ್ಲಿ ಹೇಳಬಾರದು.

ನಾನು ಆಸ್ಪತ್ರೆಯಿಂದ ಬಂದ ಮೇಲೆ ಅವಳು ದಿನಾ ಸಂಜೆ ಅಡಿಗೆಮನೆಯಲ್ಲಿ ಆ ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿ ಒತ್ತುತ್ತಿದ್ದಳು. ಅದರೊಳಗಿನ ಅವನು ಬೈಯುವುದು, ಇವಳು ಉತ್ತರ ಕೊಡುವುದು. "ಕೇಳ್ತೀನಿ ಬುಡು, ನಿನ್ ಮಾತು ಕೇಳ್ದೆ ಯಾರ್ ಮಾತು ಕೇಳನ" ಎನ್ನುತ್ತಾಳೆ. ಮುದ್ದೆ ತೊಳಸುತ್ತಾ ನಗುತ್ತಾಳೆ. ಬೆಲೆ ಬಿದ್ದದ್ದು, ಮಳೆ ಬಾರದ್ದು, ನಿನ್ನ ಮದುವೆಯ ಮಾತು, ಎಲ್ಲ ಅವನ ಹತ್ತಿರ. ನಾನು ಬಾಗಿಲಲ್ಲಿ ನಿಂತು ಕೈ ಆಡಿಸಿದರೆ, "ಇರು, ತಟ್ಟೆ ತತ್ತೀನಿ" ಎಂದು ನನ್ನ ಮುಖ ನೋಡದೆ ತಟ್ಟೆ ತಂದಿಡುತ್ತಾಳೆ. ಹಸಿದಿದ್ದೇನೆ ಎಂದು ನಾನು ಹೇಳಿರುವುದಿಲ್ಲ. ಏನು ಹೇಳುತ್ತಿದ್ದೆ ಎಂದು ಅವಳು ಕೇಳುವುದೂ ಇಲ್ಲ.

ಮೂರನೆಯದು ನಿಂತ ಮೇಲೆ ಮೊದಲ ಎರಡು ದಿನ ಅಳುತ್ತಿದ್ದಳು. ಆಮೇಲೆ ಅಡಿಗೆಮನೆ ಸುಮ್ಮನಿತ್ತು. ಮೊನ್ನೆ ಉಣ್ಣುವಾಗ ನಾನು ಸುಮ್ಮನೆ ತುಟಿ ಆಡಿಸಿದೆ. ಅವಳು ತುತ್ತು ಬಿಟ್ಟು ನನ್ನ ಬಾಯನ್ನೇ ನೋಡಿದಳು. "ಇನ್ನೊಂದ್ಸತಿ ಅನ್ನು" ಎಂದಳು. ಅಂದೆ. "ಸಾರು ಸಪ್ಪೆ ಅಂದ್ಯಾ?" ಎಂದಳು. ನಾನು ಅಂದದ್ದು ಅದನ್ನೇ. ನಿನ್ನೆ ಎರಡು ಮಾತು ಹಿಡಿದಳು. ಒಂದು ತಪ್ಪು ಹಿಡಿದಳು, ಅದಕ್ಕೆ ನಾವಿಬ್ಬರೂ ಜಗಳ ಆಡಿದೆವು. ಎಷ್ಟು ಕಾಲವಾಗಿತ್ತೋ ಜಗಳ ಆಡಿ.

ಆದರೂ ಬೆಳಗಾದರೆ ಟವೆಲ್ ಎತ್ತಿ ನೋಡಿ ಕೇಳುವುದು ಒಂದೇ. "ಅವ ಯಾವತ್ತು ಮಾತಾಡಾದು? ಮಗ ಏನಂತ ಬರ್ದವ್ನೆ?"

ಅವ ಎನ್ನುತ್ತಾಳೆ ರಂಗರಾಜು. ನಾನು ಎದುರಿಗೇ ನಿಂತಿರುತ್ತೇನೆ.

ಅವನನ್ನು ಮತ್ತೆ ಹುಟ್ಟಿಸಿದರೆ ಅವಳು ನನ್ನ ಬಾಯಿ ನೋಡುವುದು ಬಿಡುತ್ತಾಳೆ. ಹುಟ್ಟಿಸದಿದ್ದರೆ, ನಾನು ಸತ್ತ ಮೇಲೆ ಅವಳಿಗೆ ಕೇಳಲು ಏನೂ ಇರುವುದಿಲ್ಲ. ಒತ್ತಬೇಕಾದದ್ದು ನನ್ನ ಬೆರಳು, ಅದು ಏಳುತ್ತಿಲ್ಲ. ದೊಡ್ಡ ಮಾತು ಬೇಡ, ಸಮಾಧಾನ ಬೇಡ. ಉಳಿಸು ಅಂತ ಬರಿ, ಇಲ್ಲ ಬಿಡು ಅಂತ ಬರಿ. 24ನೇ ತಾರೀಕು ಸೋಮವಾರದೊಳಗೆ ಉತ್ತರ ನನ್ನ ಕೈ ಸೇರಬೇಕು.