ಆಡಿಸುವವಳ ಪಾಲು

ಯಕ್ಷಿತಾಳ ಅಪ್ಪನವರಿಗೆ,

ಬಂಗುಡೆ ಗಸಿ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಮಾತ್ರೆಯನ್ನು ಊಟದ ನಂತರ ತೆಗೆದುಕೊಳ್ಳಿ, ಮೊದಲಲ್ಲ. ನಾನು ಎಂದಿನಂತೆ ಜನ ಹೇಳುವ ಕತೆಗಳನ್ನು ಬರೆದುಕೊಳ್ಳಲು ಮಾಟುಂಗಕ್ಕೆ ಹೋಗಿದ್ದೇನೆ. ಮಗಳು ಬಾಂದ್ರಾದ ಕಾಲೇಜಿನಲ್ಲಿದ್ದಾಳೆ. ಜನರಿಗೆ ಆಟ-ವಿನೋದ ಏರ್ಪಡಿಸುವುದನ್ನು ಕಲಿಸುವ ಮನರಂಜನಾ ನಿರ್ವಹಣೆಯ ಪದವಿಗೆ ಅವಳಿಗೆ ಸಿಕ್ಕ ಸೀಟನ್ನು ಇಂದು ಸಂಜೆಯೊಳಗೆ ಒಪ್ಪಿಕೊಳ್ಳದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

"ಜನರನ್ನು ಆಡಿಸುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ ಮಾರಾಯ್ತಿ?" ಎಂದು ನಿನ್ನೆ ಕೇಳಿದಿರಿ. ಅದಕ್ಕೆ ಉತ್ತರವಾಗಿ, ಪಕ್ಕದ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಬರುವ ಹಾಲವ್ವ ಹೇಳಿದ ಕತೆಯನ್ನು ಕೇಳಿದಂತೆಯೇ ಬರೆಯುತ್ತೇನೆ.

ಗಾರೆ ಕೆಲಸದ ತಾಯಂದಿರು ತಮ್ಮಲ್ಲೊಬ್ಬಳನ್ನು ಮಕ್ಕಳನ್ನು ಆಡಿಸಲು ಬಿಟ್ಟು, ತಮ್ಮ ಕೂಲಿಯಲ್ಲಿ ಅವಳಿಗೆ ಪಾಲು ಕೊಡುತ್ತಿದ್ದರಂತೆ. ಹೊಸ ಮೇಸ್ತ್ರಿ, "ಆಟಕ್ಕ ಎಂಥಾ ಕೂಲಿ ಬೇ? ನೀನೂ ಬುಟ್ಟಿ ಹೊರು" ಎಂದು ಗದರಿದನಂತೆ. ಅಂದು ಒಂದು ಮಗು ಅತ್ತರೆ ಒಬ್ಬ ತಾಯಿ ಓಡಿದಳು, ಇನ್ನೊಂದು ಮರಳಿನ ರಾಶಿ ಹತ್ತಿದರೆ ಇನ್ನೊಬ್ಬಳು. ಗೋಡೆ ಮೊಣಕಾಲೆತ್ತರ ದಾಟಲಿಲ್ಲ. ಸಂಜೆ ಮೇಸ್ತ್ರಿಯೇ ಬಂದು, "ಯವ್ವಾ, ನಾಳಿಂದ ನಿನ್ನ ಪಾಲು ನಾ ಕೊಡ್ತೀನಿ, ಹುಡುಗ್ರನ್ನ ಆಡಸು" ಎಂದನಂತೆ.

ಕತೆಯಲ್ಲಿ ನಾನು ಏನನ್ನೂ ಸೇರಿಸಿಲ್ಲ. ಲೆಕ್ಕವನ್ನೂ ಉಬ್ಬಿಸಲಾರೆ: ನಮ್ಮ ಮಗಳ ಮೊದಲ ಸಂಬಳ ನಿಮ್ಮ ಹೋಟೆಲಿನ ಕ್ಯಾಶಿಯರನಿಗಿಂತ ಕಡಿಮೆಯೇ ಇರಬಹುದು. ಆದರೆ ಕ್ಲಬ್ಬುಗಳು, ವೃದ್ಧಾಶ್ರಮಗಳು, ನಮ್ಮಂಥ ದೊಡ್ಡ ಸೊಸೈಟಿಗಳು ಇದನ್ನು ಕಲಿತವರನ್ನು ಹುಡುಕುತ್ತಿವೆ. ನಾನೇ ವಿಚಾರಿಸಿ ಬಂದಿದ್ದೇನೆ.

ಒಪ್ಪಿಗೆಯಿದ್ದರೆ ಅವಳಿಗೇ ಫೋನ್ ಮಾಡಿ. ಇಲ್ಲವಾದರೆ ನನಗೆ ಮಾಡಿ, ನಾನು ಎತ್ತುವುದಿಲ್ಲ.

ವಾರಿಜಾ